ಗಿಲ್ರೇನರ ಕವೆಂಟ್ರಿ ಕವಲು

ಜುಲೈ ತಿಂಗಳ ಎರಡನೆಯ ಭಾನುವಾರ ನಮ್ಮ ಡ್ರಮ್‌ಕೀಲಿನಲ್ಲಿ ಬದುಕಿರುವವರೆಲ್ಲ ತಮ್ಮ ತಮ್ಮ ಸತ್ತವರ ಬಳಿ ಹೋಗಿ ನಿಲ್ಲುತ್ತಾರೆ. ಅದು ಸಮಾಧಿಗಳ ಭಾನುವಾರ. ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಗುರುಗಳು ಪವಿತ್ರ ಜಲದ ಪಾತ್ರೆಯೊಡನೆ ಸಾಲುಸಾಲಾಗಿ ಬರುವ ಹೊತ್ತಿಗೆ ಪ್ರತಿಯೊಂದು ಮನೆತನವೂ ತನ್ನ ಸಮಾಧಿಯ ತಲೆದೆಸೆಯಲ್ಲಿ ಇರಲೇಬೇಕು. ಲಂಡನ್ನಿಗೆ ಹೋದ ಮಗ ಬರುತ್ತಾನೆ, ಅಣ್ಣನೊಡನೆ ಮಾತು ಬಿಟ್ಟ ತಮ್ಮನೂ ಬರುತ್ತಾನೆ. ಯಾರೂ ನಿಲ್ಲದ ಸಮಾಧಿಯನ್ನು ಕಂಡರೆ ‘ಆ ಮನೆಯ ದೀಪ ಆರಿತು’ ಎಂದು ಊರು ತೀರ್ಮಾನಿಸಿಬಿಡುತ್ತದೆ. ಪರರ ಸಮಾಧಿಯ ಬಳಿ ನಿಂತವನನ್ನು ಕಂಡರಂತೂ ಆ ಮಾತು ಮುಂದಿನ ಜುಲೈವರೆಗೂ ಅಡಗುವುದಿಲ್ಲ. ನಮ್ಮ ಜಿಲ್ಲೆಯಾದ ಲೀಟ್ರಿಮ್ ಕೌಂಟಿಯಲ್ಲಿ ಒಬ್ಬ ಮನುಷ್ಯ ಯಾರೆಂದು ಅರಿಯಲು ಅವನನ್ನು ಏನೂ ಕೇಳಬೇಕಾಗಿಲ್ಲ; ಅಂದು ಅವನು ಎಲ್ಲಿ ನಿಂತಿದ್ದಾನೆಂದು ನೋಡಿದರೆ ಸಾಕು.

ಯೂಜೀನ್ ಗಿಲ್ರೇನ್ ನಿಲ್ಲುತ್ತಿದ್ದುದು ಉತ್ತರದ ಗೋಡೆಯ ಪಕ್ಕದಲ್ಲಿ, ಮುಳ್ಳುಮರದ ನೆರಳಿನಲ್ಲಿದ್ದ ಒಂದು ಗುಂಡುಕಲ್ಲಿನ ಬಳಿ. ಆ ಕಲ್ಲಿನ ಮೇಲೆ ಹೆಸರಿಲ್ಲ, ಶಿಲುಬೆಯಿಲ್ಲ. ಹಿಂದಿನ ಕಾಲದಲ್ಲಿ ಬಡವರು ಸತ್ತರೆ ಅವರದೇ ಹೊಲದಿಂದ ಒಂದು ಕಲ್ಲನ್ನು ಹೊತ್ತು ತಂದು ತಲೆಯ ಬಳಿ ಇಡುತ್ತಿದ್ದರು. ಅಂಥ ಕಲ್ಲು ಅದು. ಆರು ವರ್ಷದ ಯೂಜೀನನನ್ನು ಅವನ ತಂದೆ ಇಂಗ್ಲೆಂಡಿನ ಹಡಗಿನಿಂದ ಇಳಿಸಿಕೊಂಡು ಬಂದ ಮೊದಲ ವಾರವೇ ಅಲ್ಲಿಗೆ ಕೈಹಿಡಿದು ಕರೆದೊಯ್ದಿದ್ದ. ಟೋಪಿ ತೆಗೆದು, “ಇವನು ಪೀಟರ್, ನಿನ್ನ ತಾತ. ಈ ಕೌಂಟಿ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವನಲ್ಲ. ನಮ್ಮ ಬೇರು ಇಲ್ಲಿದೆ ಮಗ, ಮರೀಬೇಡ” ಎಂದಿದ್ದ. ಆ ತಂದೆ ಹೊಟ್ಟೆಪಾಡಿಗಾಗಿ ಮತ್ತೆ ಇಂಗ್ಲೆಂಡಿನ ಕವೆಂಟ್ರಿಯ ಕಾರು ಕಾರ್ಖಾನೆಗೆ ಹೋದವನು ಅಲ್ಲೇ ತೀರಿಕೊಂಡು ಅಲ್ಲಿಯ ಮಣ್ಣಿಗೇ ಸೇರಿದ. ತಾಯಿ ಸ್ಲೈಗೋ ಕೌಂಟಿಯವಳು. ಕೊನೆಗಾಲದಲ್ಲಿ ತನ್ನ ತವರಿನವರ ಪಕ್ಕದಲ್ಲಿ ಮಲಗಬೇಕೆಂದಳು, ಹಾಗೆಯೇ ಆಯಿತು. ಹೀಗಾಗಿ ಈ ಭೂಮಿಯ ಮೇಲೆ ಯೂಜೀನನ ಬೇರಿಗೆ ಉಳಿದ ಸಾಕ್ಷಿ ಆ ಒಂದು ಕಲ್ಲು ಮಾತ್ರ.

ಸಾಕ್ಷಿಯ ಅಗತ್ಯ ಅವನಿಗೆ ಬೇರೆಯವರಿಗಿಂತ ಹೆಚ್ಚಾಗಿತ್ತು. ಡ್ರಮ್‌ಕೀಲಿನಲ್ಲಿ ಅರ್ಧ ಊರು ಗಿಲ್ರೇನರದೇ ಆದುದರಿಂದ ಪ್ರತಿಯೊಂದು ಮನೆಗೂ ಮತ್ತೊಂದು ಹೆಸರಿದೆ. ಕೆಂಗೂದಲಿನ ಮನೆಯವರು ಕೆಂಪು ಗಿಲ್ರೇನರು. ನೀರ ಬಳಿಯವರು ಹೊಳೆದಂಡೆ ಗಿಲ್ರೇನರು. ಪೀಟರನ ಮನೆಯಲ್ಲಿ ಮಗ್ಗವಿದ್ದುದರಿಂದ ಅವರು ನೇಕಾರ ಗಿಲ್ರೇನರು. ನ್ಯಾಯವಾಗಿ ಯೂಜೀನ್ ನೇಕಾರ ಯೂಜೀನನಾಗಬೇಕಿತ್ತು. ಆದರೆ ಶಾಲೆಯ ಮೊದಲ ದಿನ ಅವನ ಬಾಯಿಂದ ಇಂಗ್ಲೆಂಡಿನ ಪಟ್ಟಣದ ರಾಗ ಹೊರಟಿತು. ಪಕ್ಕದ ಬೆಂಚಿನ ಪ್ಯಾಕೀ ಮಕ್‌ಮಾರೋ ಎಂಬ ಹುಡುಗ “ಕವೆಂಟ್ರಿ!” ಎಂದು ಕೂಗಿದ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರೂ ಹಾಗೆಯೇ ಕರೆದರು. ರಾಗ ಒಂದೇ ಚಳಿಗಾಲದಲ್ಲಿ ಮಾಯವಾಯಿತು, ಹೆಸರು ಅರವತ್ತು ವರ್ಷ ನಿಂತಿತು.

ಆ ಅರವತ್ತು ವರ್ಷಗಳಲ್ಲಿ ಅವನು ಮಾಡದ ಪ್ರಯತ್ನವಿಲ್ಲ. ಊರಿನ ಶಾಲಾ ಬಸ್ಸನ್ನು ಓಡಿಸಿ ಎರಡು ತಲೆಮಾರಿನ ಮಕ್ಕಳನ್ನು ಮನೆ ಸೇರಿಸಿದ. ಲೀಟ್ರಿಮ್ ಫುಟ್‌ಬಾಲ್ ತಂಡದ ಹಸಿರು-ಹೊಂಬಣ್ಣದ ಅಂಗಿ ತೊಟ್ಟು, ಆ ತಂಡ ಸೋಲುವುದನ್ನು ನೋಡಲು ಪ್ರತಿ ಬೇಸಿಗೆಯೂ ಮಳೆಯಲ್ಲಿ ನಿಂತ. “ನಾವು ಈ ಸಲವೂ ಸೋತ್ವಲ್ಲೋ” ಎಂದು ಒಮ್ಮೆ ಪಬ್ಬಿನಲ್ಲಿ ನಿಟ್ಟುಸಿರು ಬಿಟ್ಟಾಗ ಪ್ಯಾಕೀ ಗ್ಲಾಸು ಕೆಳಗಿಟ್ಟು, “ನಾವು ಸೋತ್ವಿ. ನೀನ್ಯಾಕೆ ಸೋಲ್ತೀಯ ಕವೆಂಟ್ರಿ, ನಿಂಗೆ ಇಂಗ್ಲೆಂಡ್ ಟೀಮ್ ಇದೆಯಲ್ಲ!” ಎಂದಿದ್ದ. ಎಲ್ಲರೂ ನಕ್ಕರು. ಯೂಜೀನನೂ ನಕ್ಕ. ನಮ್ಮಲ್ಲಿ ದ್ವೇಷವಿಲ್ಲದೆಯೇ ಒಬ್ಬನನ್ನು ಒಂದು ಆಯುಷ್ಯ ಪೂರ್ತಿ ಹೊಸ್ತಿಲ ಹೊರಗೆ ನಿಲ್ಲಿಸಬಲ್ಲೆವು. ಕರುಣಾಮಯನಾದ ದೇವರು ಈ ಪಾಪವನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾನೋ ಆತನೇ ಬಲ್ಲ.

ಈಚಿನ ಒಂದು ಜೂನ್ ತಿಂಗಳಲ್ಲಿ ಅಮೆರಿಕದ ಒಹಾಯೋದಿಂದ ಮಾರ್ಲೀನ್ ಎಂಬ ಹೆಂಗಸು ತನ್ನ ಬಂಧುಬಳಗದೊಡನೆ ಪೂರ್ವಿಕರನ್ನು ಹುಡುಕಿಕೊಂಡು ಬಂದಳು. ಅವಳ ಮುತ್ತಜ್ಜನ ತಂದೆ ಮೈಕಲ್ ಹೊಳೆದಂಡೆ ಗಿಲ್ರೇನರವನಂತೆ. ಪ್ಯಾಕೀ ಈಗ ಗೊಬ್ಬರ, ಮೊಳೆ, ಬಣ್ಣ ಮಾರುವ ಅಂಗಡಿಯ ಯಜಮಾನ ಮಾತ್ರವಲ್ಲ, ಸಮಾಧಿಭೂಮಿ ಸಮಿತಿಯ ಅಧ್ಯಕ್ಷ ಕೂಡ. ಅವನು ಪಿಟೀಲಿನವರನ್ನು ಕರೆಸಿದ, ಹೆಂಗಸರಿಂದ ಹ್ಯಾಮ್ ಸ್ಯಾಂಡ್‌ವಿಚ್ಚು ಮಾಡಿಸಿದ, ಸಭಾಭವನದ ಬಾಗಿಲಿಗೆ ‘ಮನೆಗೆ ಸ್ವಾಗತ’ ಎಂಬ ಬಟ್ಟೆ ಕಟ್ಟಿಸಿದ. ಅತಿಥಿಗಳನ್ನು ಊರು ಸುತ್ತಿಸಲು ಶಾಲಾ ಬಸ್ಸೂ ಯೂಜೀನನೂ ಗೊತ್ತಾದರು.

ಸಮಾಧಿಭೂಮಿಯ ಗೇಟಿನ ಬಳಿ ಬಸ್ಸು ನಿಂತಿತು. ಪ್ಯಾಕೀ ಮುಂದೆ, ಅಮೆರಿಕನ್ನರು ಹಿಂದೆ. ಯೂಜೀನ್ ಬಾಗಿಲಿಗೆ ಒರಗಿ ನೋಡುತ್ತಿದ್ದ. ಅವರು ನಡೆದರು, ತಿರುಗಿದರು, ಉತ್ತರದ ಗೋಡೆಯತ್ತ ಹೋದರು, ಮುಳ್ಳುಮರದ ಕೆಳಗೆ ನಿಂತರು. ಪ್ಯಾಕೀ ಕೈ ಚಾಚಿ ಗುಂಡುಕಲ್ಲನ್ನು ತೋರಿಸಿದ. ಮಾರ್ಲೀನ್ ಮಂಡಿಯೂರಿ ಅದನ್ನು ತಬ್ಬಿಕೊಂಡು ಅತ್ತಳು.

ಯೂಜೀನ್ ಸಮಾಧಿಗಳ ನಡುವೆ ಓಡಬಾರದೆಂಬ ನಿಯಮವನ್ನು ಮರೆತು ಓಡಿದ.

“ಪ್ಯಾಕೀ, ಏನಿದು? ಇದು ನಮ್ಮ ತಾತನ ಕಲ್ಲು!”

“ಮೆಲ್ಲಗೆ, ಮೆಲ್ಲಗೆ. ಹೆಂಗಸು ಅಳ್ತಿದಾಳೆ, ಕಾಣಲ್ವಾ?”

ಮಾರ್ಲೀನ್ ಕಣ್ಣೊರೆಸಿಕೊಂಡು ಎದ್ದು ಯೂಜೀನನ ಎರಡೂ ಕೈ ಹಿಡಿದಳು. ಒಳ್ಳೆಯ ಹೆಂಗಸು, ಅವಳಲ್ಲಿ ಕಪಟವಿರಲಿಲ್ಲ. “ನೀವೂ ಇಲ್ಲಿಯವರೇನಾ?” ಎಂದು ಕೇಳಿದಳು.

ಯೂಜೀನ್ ಬಾಯಿ ತೆರೆಯುವುದರೊಳಗೆ ಪ್ಯಾಕೀ ಉತ್ತರ ಕೊಟ್ಟ: “ಅಯ್ಯೋ ಇಲ್ಲಮ್ಮ, ಇವನು ಕವೆಂಟ್ರಿಯವನು. ಬಸ್ಸು ಚೆನ್ನಾಗಿ ಓಡಿಸ್ತಾನೆ.”

ಅಂದು ಸಂಜೆ ಮಾರ್ಲೀನ್ ಘೋಷಿಸಿದಳು: ಮೈಕಲನ ಹೆಸರು ಕೆತ್ತಿಸಿ ಒಂದು ಗ್ರಾನೈಟ್ ಕಲ್ಲನ್ನು ಅಲ್ಲಿ ನಿಲ್ಲಿಸುತ್ತೇನೆ. ಸಭಾಭವನ ಚಪ್ಪಾಳೆ ತಟ್ಟಿತು. ಯೂಜೀನ್ ಹೊರಗೆ ಬಸ್ಸಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಮನೆಯಲ್ಲಿ ಅವನ ಹೆಂಡತಿ ಕನ್ಸೆಪ್ಟಾ ಟೀ ಬಸಿದು, ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮುಂದಿಟ್ಟಳು. ಅವಳು ಡ್ರಮ್‌ಕೀಲಿನ ಹುಟ್ಟುಮಗಳು. ನಾಲಿಗೆ ಹರಿತ, ಹೃದಯ ಮೆತ್ತಗೆ.

“ತಿನ್ನು. ಸಿಟ್ಟು ಹೊಟ್ಟೆ ತುಂಬಿಸಲ್ಲ.”

“ಸತ್ತ ಮೇಲೆ ನಾನೆಲ್ಲಿ ಮಲಗಲಿ ಕನ್ಸೆಪ್ಟಾ? ಅದನ್ನ ಹೇಳು ಮೊದ್ಲು. ಅಮೆರಿಕದವಳು ಒಂದು ಮಧ್ಯಾಹ್ನ ಬಂದ್ಲು, ಮಗಳಾದ್ಲು. ನಾನು ಅರವತ್ತು ವರ್ಷದಿಂದ ಇಲ್ಲಿದೀನಿ, ಇನ್ನೂ ನೆಂಟ!”

“ನಮ್ಮಪ್ಪನ ಪಕ್ಕ ಜಾಗ ಇದೆ. ನನ್ ಜೊತೆ ಅಲ್ಲೇ ಬಾ.”

“ಮಾವನ ಮನೆಯಲ್ಲಿ? ಲೋಕ ಮುಗಿಯೋವರೆಗೂ ಮನೆ ಅಳಿಯನಾಗಿ?”

ಕನ್ಸೆಪ್ಟಾಗೆ ನಗು ಬಂತು, ತಡೆದುಕೊಂಡಳು. “ನಮ್ಮಪ್ಪ ಬದುಕಿದ್ದಾಗಲೂ ನಿನ್ನ ಕವೆಂಟ್ರಿ ಅಂತಲೇ ಕರೀತಿದ್ದ, ಅದು ನಿಜ. ಹೋಗು, ಪ್ಯಾಕೀನ ಕೇಳು. ನೆಟ್ಟಗೆ ಕೇಳು. ಬೇಡೋನ ಹಾಗೆ ಕೇಳ್ಬೇಡ.”

ಅವನು ಹೋದ. ಪ್ಯಾಕೀ ಮೊಳೆ ತೂಗುತ್ತಿದ್ದ.

“ಸಮಿತಿಗೆ ಹೇಳ್ಬೇಕಪ್ಪ ಅದನ್ನೆಲ್ಲ.”

“ಸಮಿತಿ ಅಂದ್ರೆ ಯಾರು?”

“ನಾನು, ಮತ್ತೆ ಇಬ್ರು. ಅವರು ನಾನು ಹೇಳಿದ್ದಕ್ಕೆ ಹೂಂ ಅಂತಾರೆ.”

“ಹಾಗಾದ್ರೆ ನಿಂಗೇ ಹೇಳ್ತಿದೀನಲ್ಲ!”

“ಈಗ ನಾನು ಅಂಗಡಿಯಲ್ಲಿದೀನಿ, ಸಮಿತಿಯಲ್ಲಿಲ್ಲ.”

ಮತ್ತೊಂದು ದಿನ ಹೋದ. ಆ ದಿನ ಪ್ಯಾಕೀ ಅಂಗಡಿಯಲ್ಲಿದ್ದುಕೊಂಡೇ ಸಮಿತಿಯಲ್ಲಿದ್ದ; ಆದರೆ ಪುರಾವೆ ಕೇಳಿದ. ‘ನಮ್ಮಪ್ಪ ತೋರಿಸಿದ್ದು’ ಎಂದರೆ ಪುರಾವೆಯಾಗಲಿಲ್ಲ. ‘ಪ್ರತಿ ವರ್ಷ ಅಲ್ಲೇ ನಿಂತಿದ್ದೇನೆ’ ಎಂದಾಗ ಪ್ಯಾಕೀ ತಲೆಯಾಡಿಸಿ, “ನಿಂತ ಮಾತ್ರಕ್ಕೆ ನಿಂದಾಗುತ್ತಾ? ನನ್ ಕತ್ತೆ ದಿನಾ ಬ್ಯಾಂಕಿನ ಮುಂದೆ ನಿಲ್ಲುತ್ತೆ, ಬ್ಯಾಂಕು ಅದರದ್ದಾ?” ಎಂದ. ಅಂಗಡಿಯಲ್ಲಿದ್ದವರು ನಕ್ಕರು. ಈ ಸಲ ಯೂಜೀನ್ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಜಪಸರ ಹಿಡಿದು ಶಾಂತಿಗಾಗಿ ಪ್ರಾರ್ಥಿಸಲು ನೋಡಿದ. ಮಣಿಯೊಂದೊಂದರ ಮೇಲೂ ಪ್ಯಾಕೀಯ ಮುಖವೇ ಕಂಡಿತು. ಕೋಪವನ್ನು ಕೈಯಲ್ಲಿ ಹಿಡಿದು ಪ್ರಾರ್ಥನೆಗೆ ಹೋಗುವವರ ಪಾಡು ಇಷ್ಟೇ. ಆದರೂ ದೇವರು ಅಂಥ ಪ್ರಾರ್ಥನೆಗೂ ಕಿವಿಮುಚ್ಚುವವನಲ್ಲ.

ಸಮಾಧಿಗಳ ಭಾನುವಾರದ ಹಿಂದಿನ ವಾರ ಸಭಾಭವನದಲ್ಲಿ ಊರಸಭೆ ಸೇರಿತು. ಪ್ರತಿ ಸಮಾಧಿಗೂ ಮನೆತನದ ಹೆಸರಿನ ಒಂದು ತಗಡಿನ ಪಟ್ಟಿ ನೆಡಬೇಕೆಂಬುದು ಸಮಿತಿಯ ಹೊಸ ಯೋಜನೆ. ಕೆರ್ರಿ ಕೌಂಟಿಯಿಂದ ಬಂದ ಫಾದರ್ ಟ್ವೊಮಿ ಮೂಲೆಯಲ್ಲಿ ಟೀ ಕಪ್ಪು ಹಿಡಿದು ಕುಳಿತಿದ್ದರು. ಪರವೂರಿನವರಾದರೂ ಗುರುಗಳೆಂಬ ಕಾರಣಕ್ಕೆ ಅವರನ್ನು ಬಂದ ತಿಂಗಳೇ ಎಲ್ಲರೂ ‘ನಮ್ಮ ಫಾದರ್’ ಮಾಡಿಕೊಂಡಿದ್ದರು. ಯೂಜೀನ್ ಅದನ್ನೂ ಗಮನಿಸಿದ್ದ.

ಉತ್ತರ ಗೋಡೆಯ ಸಾಲಿಗೆ ಬಂದಾಗ ಪ್ಯಾಕೀ ಓದಿದ: “ಮುಳ್ಳುಮರದ ಕೆಳಗಿನ ಕಲ್ಲು, ಹೊಳೆದಂಡೆ ಗಿಲ್ರೇನ್. ಮುಂದಿನದು…”

“ಅಲ್ಲ,” ಎಂದು ಯೂಜೀನ್ ಎದ್ದು ನಿಂತ. “ಅದು ನೇಕಾರ ಪೀಟರನದು.”

“ಕೂತ್ಕೋ ಕವೆಂಟ್ರಿ.”

“ಕೂರಲ್ಲ. ಹೊಳೆದಂಡೆಯವರು ಯಾರಾದ್ರೂ ಅಲ್ಲಿ ಒಂದು ದಿನ ನಿಂತಿದ್ದನ್ನ ನೋಡಿದೀರಾ? ಯಾರಾದ್ರೂ ಒಬ್ಬರು ಹೇಳಿ.”

ಹಿಂದಿನ ಸಾಲಿನಲ್ಲಿದ್ದ ಹೊಳೆದಂಡೆಯ ಮುದುಕಿ ಬ್ರಿಜಿ ಗಿಲ್ರೇನ್ ಕೋಲು ಕುಟ್ಟಿ, “ನಾವು ನಿಲ್ಲೋದು ಗೇಟಿನ ಹತ್ರ. ಈ ಮುಳ್ಳುಮರದ ಕಥೆ ನಂಗೂ ಈ ಜೂನಲ್ಲೇ ಗೊತ್ತಾಗಿದ್ದು” ಎಂದಳು.

ನಗು ಎದ್ದಿತು. ನಗು ತನ್ನ ಕಡೆ ತಿರುಗಿದ್ದನ್ನು ಪ್ಯಾಕೀ ಸಹಿಸಲಾರದವನು. ಅವನ ಕಿವಿ ಕೆಂಪಾಯಿತು, ದನಿ ಏರಿತು.

“ಆ ಕಲ್ಲಿನ ವಿಷಯ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಲ್ಲು ಕೊಯ್ಯೋ ಯಂತ್ರ ತಂದ ವರ್ಷ ಅದನ್ನ ಗೋಡೆ ಹತ್ರದ ಕಲ್ಲುರಾಶಿಯಿಂದ ಎತ್ಕೊಂಡ್ ಬಂದು ಅಲ್ಲಿಟ್ಟವನು ನಾನು! ಈ ಎರಡು ತೋಳಲ್ಲಿ!”



“ರಾಶಿಯಿಂದ?” ಎಂದ ಯೂಜೀನ್.

ಪ್ಯಾಕೀ ಬಾಯಿ ಮುಚ್ಚಿದ. ತಡವಾಗಿತ್ತು.

ಯೂಜೀನನಿಗೆ ಆ ಬೇಸಿಗೆ ಕಣ್ಣಮುಂದೆ ಬಂತು. ಅದು ಅವನ ಮದುವೆಯ ವರ್ಷ. ಊರಿನ ಗಂಡಸರೆಲ್ಲ ಸೇರಿ ಸಮಾಧಿಭೂಮಿಯನ್ನು ಚೊಕ್ಕಟಮಾಡಿದಾಗ ಅವನೂ ಕನ್ಸೆಪ್ಟಾಳೂ ಕಡಲತೀರದಲ್ಲಿದ್ದರು. ಹಿಂತಿರುಗಿ ನೋಡಿದರೆ ಹುಲ್ಲು ಕ್ಷೌರ ಮಾಡಿದಂತಿತ್ತು. ಗುಂಡುಕಲ್ಲುಗಳು ಶಾಲೆಯ ಮಕ್ಕಳ ಹಾಗೆ ನೇರ ಸಾಲಿನಲ್ಲಿ ನಿಂತಿದ್ದವು. ಎಷ್ಟು ಚೆಂದ ಮಾಡಿದ್ದಾರೆಂದು ಅವನೇ ಹೊಗಳಿದ್ದ. ಸತ್ತವರು ಯಾವ ಕಾಲದಲ್ಲಿ ನೇರ ಸಾಲಿನಲ್ಲಿ ಮಲಗಿದ್ದರು ಎಂದು ಯಾರಿಗೂ ಹೊಳೆಯಲಿಲ್ಲ.

“ಎಲ್ಲ ಕಲ್ಲನ್ನೂ ಎತ್ತಿದ್ರಾ?” ಎಂದು ಬ್ರಿಜಿ ಕೇಳಿದಳು.

“ಯಂತ್ರ ಓಡ್ಬೇಕಲ್ಲ ಬ್ರಿಜಿ, ಕಲ್ಲಿದ್ರೆ ಅಲಗು ಮುರಿಯುತ್ತೆ… ಎಲ್ಲಿದ್ದದ್ದು ಎಲ್ಲಿ ಅಂತ ನೆನಪಿಟ್ಕೊಂಡೇ ಎತ್ತಿದ್ವಿ. ಆಮೇಲೆ ಮಳೆ ಬಂತು, ಎರಡು ವಾರ ಹೋಯ್ತು. ಒಂದು ಅಂದಾಜಿನ ಮೇಲೆ…”

“ಅಂದಾಜು!” ಕನ್ಸೆಪ್ಟಾ ಎದ್ದಳು. “ನಮ್ಮ ಅಜ್ಜಿ ಅಂತ ನಾನು ಇಷ್ಟು ವರ್ಷ ಕಣ್ಣೀರು ಸುರಿಸಿದ್ದು ಯಾರ ತಲೆ ಮೇಲೆ ಪ್ಯಾಕೀ? ಸಾಲ ಕೊಡದ ಆ ಮಕ್‌ಮಾರೋ ಮುದುಕನ ತಲೆ ಮೇಲೇನಾ?”

“ನಮ್ಮ ತಾತನ್ನ ಯಾಕೆ ಎಳೀತೀಯ?”

“ನಿನ್ನ ತಾತ ಎಲ್ಲಿದಾನೆ ಅಂತ ನಿಂಗೆ ಗೊತ್ತಿದ್ರೆ ಎಳೀತಿರ್ಲಿಲ್ಲ!”

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಕೆಂಪು ಗಿಲ್ರೇನರು ಹೊಳೆದಂಡೆಯವರ ಮೇಲೆ ಬಿದ್ದರು. ಒಬ್ಬ ಮುದುಕ ತನ್ನ ತಾಯಿಯ ಕಲ್ಲು ಮುಂಚೆ ಇಷ್ಟು ದಪ್ಪವಿರಲಿಲ್ಲವೆಂದು ತನಗೆ ಅಂದಿನಿಂದಲೇ ಸಂಶಯವಿತ್ತೆಂದ. ಯೂಜೀನ್ ಗದ್ದಲದ ನಡುವೆ ಒಬ್ಬನೇ ನಿಂತಿದ್ದ. ಅವನ ಎದೆಯಲ್ಲಿ ಒಂದು ಕ್ಷಣ ಕಹಿಯಾದ ಸಂತೋಷ ಉಕ್ಕಿತು: ನೋಡಿ, ಈಗ ನೀವೆಲ್ಲರೂ ಕವೆಂಟ್ರಿಯವರೇ! ಮರುಕ್ಷಣವೇ ಅದು ಇಳಿದುಹೋಯಿತು. ಎಲ್ಲರ ಬೇರು ಕಿತ್ತುಬಂದ ಮಾತ್ರಕ್ಕೆ ತನ್ನ ಬೇರು ಆಳಕ್ಕೆ ಇಳಿದಂತಾಗಲಿಲ್ಲ. ಅವನಪ್ಪ ಟೋಪಿ ತೆಗೆದ ಜಾಗ ಆ ಮುಳ್ಳುಮರದ ಕೆಳಗೋ, ಅದಕ್ಕೆ ಹತ್ತು ಹೆಜ್ಜೆ ಆಚೆಗೋ? ಆರು ವರ್ಷದ ಹುಡುಗನ ನೆನಪಿನಲ್ಲಿ ಅಪ್ಪನ ಕೈಯ ಬಿಸುಪಿತ್ತು. ಅಲ್ಲಿ ಮರ ಇತ್ತೋ ಇಲ್ಲವೋ ಎಂಬುದು ಮಾತ್ರ ನೆನಪಿರಲಿಲ್ಲ.

ಫಾದರ್ ಟ್ವೊಮಿ ಕೊನೆಗೆ ಕಪ್ಪನ್ನು ಚಮಚದಿಂದ ಬಡಿದರು. “ನೋಡಿ, ಅಗೆದು ನೋಡೋಕೆ ನಾನು ಬಿಡಲ್ಲ. ಯಾರು ಎಲ್ಲಿದಾರೆ ಅಂತ ದೇವರಿಗೆ ಗೊತ್ತು. ಸತ್ತವರನ್ನ ಎಬ್ಬಿಸೋ ದಿನ ಆತ ಕಲ್ಲು ನೋಡ್ಕೊಂಡು ಎಬ್ಬಿಸಲ್ಲ. ಅಲ್ಲೀವರೆಗೆ ಯಾರು ಎಲ್ಲಿ ನಿಲ್ತಾ ಬಂದಿದೀರೋ ಅಲ್ಲೇ ನಿಂತ್ಕೊಳ್ಳಿ. ನಿಂತವರದೇ ಸಮಾಧಿ. ಆ ಅಮೆರಿಕದ ಕಲ್ಲನ್ನ ಗೇಟಿನ ಹತ್ರ ಎಲ್ಲ ಗಿಲ್ರೇನರ ಹೆಸರಲ್ಲಿ ನಿಲ್ಲಿಸೋಣ. ಆಯ್ತಾ ಪ್ಯಾಕೀ?”

ಕತ್ತೆಯ ಮಾತನ್ನು ಯಾರೂ ನೆನಪಿಸಲಿಲ್ಲ. ಪ್ಯಾಕೀ ಗೋಣು ಹಾಕಿದ.

ಹೀಗೆ ಯೂಜೀನನಿಗೆ ಅವನ ಜಾಗ ದಕ್ಕಿತು. ದಕ್ಕಿದ ರೀತಿ ಮಾತ್ರ ಅವನನ್ನು ಸುಟ್ಟಿತು. ನೀನು ನಮ್ಮವನು ಎಂದು ಯಾರೂ ಹೇಳಲಿಲ್ಲ. ಅವನ ಕಲ್ಲನ್ನು ಪ್ರಶ್ನಿಸಿದರೆ ತಮ್ಮ ಕಲ್ಲೂ ಅಲುಗಾಡುತ್ತದೆ ಎಂದು ಸುಮ್ಮನಾದರು, ಅಷ್ಟೆ. ಅಂಗಡಿಯಲ್ಲಿ, ಪಬ್ಬಿನಲ್ಲಿ ಆ ರಾಶಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಮೌನದಲ್ಲಿ ಮಾತ್ರ ಅವನಿಗೂ ಪಾಲು ಕೊಟ್ಟರು.

ಭಾನುವಾರ ಅವನು ಬಲಿಪೂಜೆ ಮುಗಿಯುತ್ತಲೇ ಹೂ ಹಿಡಿದು ಉತ್ತರದ ಗೋಡೆಯ ಬಳಿ ಹೋದ. ಕಲ್ಲಿನ ಮುಂದೆ ಹೊಸ ತಗಡಿನ ಪಟ್ಟಿ ನೆಟ್ಟಿತ್ತು. ಬಾಗಿ ಓದಿದ. ‘ಗಿಲ್ರೇನ್ – ಕವೆಂಟ್ರಿ’ ಎಂದಿತ್ತು.

ಈ ಕೌಂಟಿ ಬಿಟ್ಟು ಒಂದು ರಾತ್ರಿ ಹೊರಗೆ ಮಲಗದ ಪೀಟರನ ತಲೆಯ ಬಳಿ!

ಅವನು ಬಸ್ಸಿಗೆ ಹೋಗಿ ಇಕ್ಕಳ ತಂದ. ದಾರಿಯಲ್ಲಿ ಪ್ಯಾಕೀ ಎದುರಾದ. ಇಕ್ಕಳ ನೋಡಿದ, ಅರ್ಥ ಮಾಡಿಕೊಂಡ.

“ಏನ್ ಬರೀಬೇಕಿತ್ತು ಮಾರಾಯ? ನೇಕಾರ ಅಂದ್ರೆ ಈಗಿನವರಲ್ಲಿ ಯಾರಿಗೆ ಗೊತ್ತು? ಕವೆಂಟ್ರಿ ಅಂದ್ರೆ ಇಡೀ ಊರಿಗೆ ಗೊತ್ತು.” ಅವನ ದನಿಯಲ್ಲಿ ಅಣಕವಿರಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು.

ಯೂಜೀನ್ ಮಂಡಿಯೂರಿ ಪಟ್ಟಿಯ ಕಾಲನ್ನು ಇಕ್ಕಳದಿಂದ ಹಿಡಿದು ಅಲುಗಾಡಿಸಿದ. ಅರ್ಧ ಮೇಲೆ ಬಂತು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತರು. ಕನ್ಸೆಪ್ಟಾ. ತನ್ನ ತಂದೆ ತೀರಿಕೊಂಡಾಗಿನಿಂದಲೂ ಅವಳು ಈ ದಿನ ಆತನ ಸಮಾಧಿಯ ಬಳಿ ನಿಲ್ಲುವವಳು.

“ನಿಮ್ಮಪ್ಪನ ಹತ್ರ ಹೋಗಲ್ವಾ?”

“ಅಪ್ಪನ ಹತ್ರ ನನ್ ತಂಗಿ ನಿಂತಿದಾಳೆ. ಅಜ್ಜಿ ಎಲ್ಲಿದಾಳೋ ಗೊತ್ತಿಲ್ಲ. ಇಲ್ಲಿ ಕೆಳಗೆ ಯಾರಿದಾರೋ ಅದೂ ಗೊತ್ತಿಲ್ಲ. ಮೇಲೆ ನೀನಿದೀಯ, ಅಷ್ಟು ಗೊತ್ತು.” ಪಟ್ಟಿಯನ್ನು ಓದಿದಳು. “ಥೂ, ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ. ಕಿತ್ತುಹಾಕ್ತೀಯಾ?”

“ಹೂಂ.”

“ಕಿತ್ತಮೇಲೆ ಏನುಳಿಯುತ್ತೆ? ಬರೀ ಕಲ್ಲು. ಮುಂದಿನ ಜೂನಲ್ಲಿ ಇನ್ನೊಬ್ಬಳು ಬಂದು ತಬ್ಕೋತಾಳೆ.”

ಸಾಲಿನ ತುದಿಯಲ್ಲಿ ಪ್ರಾರ್ಥನೆಯ ದನಿ ಕೇಳಿಸಿತು. ಯೂಜೀನ್ ಇಕ್ಕಳವನ್ನು ಕೋಟಿನ ಜೇಬಿಗೆ ಸೇರಿಸಿ ಎದ್ದು ಟೋಪಿ ತೆಗೆದ. ಫಾದರ್ ಟ್ವೊಮಿ ಬಂದು ಕೈ ಬೀಸಿದರು. ನೀರ ಹನಿಗಳು ಕಲ್ಲಿನ ಮೇಲೂ ಓರೆಯಾದ ಪಟ್ಟಿಯ ಮೇಲೂ ಅವನ ಬೋಳುತಲೆಯ ಮೇಲೂ ಒಂದೇ ಸಮನೆ ಬಿದ್ದವು. ಪೀಟರನೋ, ಮೈಕಲನೋ, ಹೆಸರಿಲ್ಲದ ಯಾವ ಬಡವನೋ, ಕೆಳಗೆ ಇರುವವನಿಗೆ ನಿತ್ಯಶಾಂತಿ ದೊರೆಯಲೆಂದು ಯೂಜೀನ್ ಬೇಡಿಕೊಂಡ. ತನಗೆ ಮಾತ್ರ ಶಾಂತಿ ದೊರೆಯಲಿಲ್ಲ.

ಗುರುಗಳು ಮುಂದಿನ ಸಾಲಿಗೆ ತಿರುಗಿದರು. ಯೂಜೀನ್ ಹಲ್ಲು ಕಚ್ಚಿಕೊಂಡು, ಬೂಟಿನ ಹಿಮ್ಮಡಿಯನ್ನು ಪಟ್ಟಿಯ ಮೇಲಿಟ್ಟು, ಮೈಭಾರವೆಲ್ಲ ಬಿಟ್ಟು, ಹೆಸರು ಮಾತ್ರ ಮೇಲೆ ಉಳಿಯುವಂತೆ ಅದರ ಕಾಲನ್ನು ಮಣ್ಣಿನೊಳಕ್ಕೆ ತುಳಿದ. ಇನ್ನೊಮ್ಮೆ ತುಳಿದ. ಇನ್ನು ಯಾವ ಇಕ್ಕಳಕ್ಕೂ ಬಗ್ಗದಷ್ಟು ಅದು ಆಳಕ್ಕೆ ಇಳಿಯಿತು.